ಚಿಕ್ಕ ಗುಳ್ಳೆಯ ಒತ್ತಡ



ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಮೂರು ಕವಲಿನ ಒಂದು ರಬ್ಬರ್ ಕೊಳವೆ ತಂದರು. ಎರಡು ಬಾಯಿಗಳಲ್ಲಿ ಸೋಪಿನ ಗುಳ್ಳೆ ಊದಿದರು. ಒಂದು ದೊಡ್ಡದು, ಒಂದು ಚಿಕ್ಕದು. ಮೂರನೆಯ ಬಾಯಿ ಮುಚ್ಚಿ, ನಡುವಿನ ದಾರಿ ಹಿಚುಕಿದ್ದ ಬೆರಳು ಬಿಡುವ ಮುಂಚೆ, "ಗಾಳಿ ಯಾವ ಕಡೆ ಹೋಗುತ್ತೆ ಹೇಳ್ರೋ" ಅಂದರು. ದೊಡ್ಡದರಿಂದ ಚಿಕ್ಕದಕ್ಕೆ ಎಂದು ತರಗತಿಯೆಲ್ಲ ಕೂಗಿತು. ಬೆರಳು ಬಿಟ್ಟರು. ಚಿಕ್ಕದು ಕುಗ್ಗಿತು, ದೊಡ್ಡದು ಇನ್ನಷ್ಟು ಉಬ್ಬಿತು!

ದ್ರವದ ಮೇಲ್ಮೈ ಸದಾ ಕುಗ್ಗಲು ನೋಡುತ್ತದೆ. ಅದೇ ಮೇಲ್ಮೈ ಎಳೆತ. ಗುಳ್ಳೆ ಕುಗ್ಗದೆ ನಿಲ್ಲಬೇಕಾದರೆ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರಬೇಕು. ಎಷ್ಟು ಹೆಚ್ಚು? ಎಳೆತದ ನಾಲ್ಕರಷ್ಟನ್ನು ತ್ರಿಜ್ಯದಿಂದ ಭಾಗಿಸಿ. ಸೋಪಿನ ಪೊರೆಗೆ ಒಳಗೊಂದು, ಹೊರಗೊಂದು ಮೇಲ್ಮೈ ಇರುವುದರಿಂದ ನಾಲ್ಕು; ಒಂದೇ ಮೇಲ್ಮೈ ಇದ್ದರೆ ಎರಡು. ಈ ಸೂತ್ರ ನಿಮಗೆ ಮುಂದೆ ಪಿಯುಸಿಯಲ್ಲಿ ಬರುತ್ತದೆ. ಸೋಪಿನ ನೀರಿನ ಎಳೆತ ಮೀಟರಿಗೆ ಸುಮಾರು 0.025 ನ್ಯೂಟನ್. 1 ಸೆಂ.ಮೀ. ತ್ರಿಜ್ಯದ ಗುಳ್ಳೆಯಲ್ಲಿ 10 ಪಾಸ್ಕಲ್ ಹೆಚ್ಚು, 2 ಸೆಂ.ಮೀ. ಗುಳ್ಳೆಯಲ್ಲಿ 5. ಆದ್ದರಿಂದ ಗಾಳಿ ಚಿಕ್ಕದರಿಂದ ದೊಡ್ಡದಕ್ಕೆ ಹರಿಯುತ್ತದೆ.

ಪರೀಕ್ಷೆ ಬರೆದೆ, ಮರೆತೆ. ಆರು ವರ್ಷದ ಹಿಂದೆ ನನ್ನ ಮಗಳು ಏಳನೇ ತಿಂಗಳಿಗೇ ಹುಟ್ಟಿದಳು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಡಾಕ್ಟರು ಕಾಗದದ ಮೇಲೆ ಎರಡು ಗುಳ್ಳೆ ಬರೆದರು. ಒಂದು ದೊಡ್ಡದು, ಒಂದು ಚಿಕ್ಕದು.

ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ತ್ರಿಜ್ಯ ಸುಮಾರು 0.1 ಮಿ.ಮೀ. ಒಳಗೆ ಬರೀ ನೀರಿನ ಪದರವಿದ್ದರೆ ಅವನ್ನು ತೆರೆದಿಡಲು ಸುಮಾರು 1400 ಪಾಸ್ಕಲ್ ಬೇಕು. ಚಿಕ್ಕವು ದೊಡ್ಡವಕ್ಕೆ ಗಾಳಿ ಬಿಟ್ಟುಕೊಟ್ಟು ಮುಚ್ಚಿಕೊಳ್ಳುತ್ತವೆ. ಸರ್ಫ್ಯಾಕ್ಟಂಟ್ ಎಂಬ ಸೋಪಿನ ಗುಣದ ದ್ರವ್ಯ ಈ ಎಳೆತವನ್ನು ತಗ್ಗಿಸುತ್ತದೆ. ಚೀಲ ಕುಗ್ಗಿದಷ್ಟೂ ಹೆಚ್ಚು ತಗ್ಗಿಸುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಅದು ಸಾಕಷ್ಟಿರುವುದಿಲ್ಲ. 1959ರಲ್ಲಿ ಅಮೆರಿಕದ ಮೇರಿ ಎಲೆನ್ ಎವರಿ ಮತ್ತು ಜೆರ್ ಮೀಡ್ ಇದನ್ನು ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ಅವರ ತಂಡ, ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ಶಿಶುಗಳ ಉಸಿರುನಾಳಕ್ಕೆ ಹಾಕಿ ಗುಣ ಕಂಡಿತು.

ನನ್ನ ಮಗಳಿಗೂ ಅಂಥದ್ದೇ ಒಂದು ಪುಟ್ಟ ಸೀಸೆಯ ಔಷಧಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಭಯವಿತ್ತು, ಆದರೆ ಏನು ಮಾಡುತ್ತಿದ್ದಾರೆ ಎಂಬುದು ತಿಳಿದಿತ್ತು. ಆ ತಿಳಿವಳಿಕೆ ಮೇಷ್ಟ್ರ ಒಂದು ಪೀರಿಯಡ್ಡಿನದು. ಸಂಜೆಯ ಹೊತ್ತಿಗೆ ಅವಳ ಪಕ್ಕೆಯ ಸೆಳೆತ ಕಡಿಮೆಯಾಯಿತು. ಈಗ ಒಂದನೇ ತರಗತಿ. ಸೋಪಿನ ಗುಳ್ಳೆ ಊದಿ ಊದಿ ಅಂಗಳವೆಲ್ಲ ಜಾರುವಂತೆ ಮಾಡುತ್ತಾಳೆ.

ಮಕ್ಕಳೇ, ಅಂಕಕ್ಕಾಗಿ ಓದಿ, ಬೇಡ ಎನ್ನುವುದಿಲ್ಲ. ಜೊತೆಗೆ ಒಮ್ಮೆ ಗುಳ್ಳೆ ಊದಿಯೂ ನೋಡಿ.