ನಮ್ಮ ಹೊತ್ತು, ನಮ್ಮ ಕೈ, ನಮ್ಮ ದುಡ್ಡು
(ಮುಂಬಯಿಯಲ್ಲಿ ನಡೆದ ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಸಂಘಟಕರೊಬ್ಬರು ಮಾಡಿದ ಭಾಷಣ)



ಸ್ವಯಂಶಿಸ್ತು ಮತ್ತು ಉದ್ಯೋಗದಲ್ಲಿ ಏಳಿಗೆ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಕಾರ್ಯಕಾರಿ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ. ಏಳನೆಯ ತರಗತಿಯವರೆಗೆ ಓದಿ, ಈ ಊರಿಗೆ ಬಂದು, ಮೋರಿಯಲ್ಲಿ ಕಪ್ಪು ಬಸಿ ತೊಳೆದು, ಟೇಬಲು ಒರೆಸಿ, ಸಪ್ಲಾಯರ್ ಆಗಿ, ಈಗ ಸಂಘದ ಕೆಲಸ ನೋಡಿಕೊಳ್ಳುತ್ತಿರುವವನು. ಆದುದರಿಂದ ಅಡಿಗೆಮನೆಯ ಮಾತನ್ನೇ ಹೆಚ್ಚಾಗಿ ಹೇಳುತ್ತೇನೆ. ಹೆಚ್ಚುಕಡಿಮೆಯಾದರೆ ಹಿರಿಯರು ತಿದ್ದಬೇಕು.

ಶಿಸ್ತು ಎಂಬ ಮಾತು ಕೇಳಿದ ಕೂಡಲೇ ನಮ್ಮಲ್ಲಿ ಕೆಲವರ ಮುಖ ಗಂಟಾಗುತ್ತದೆ. ಅದು ಸಹಜ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರ ಬಾಯಿಂದಲೇ ನಾವು ಆ ಮಾತನ್ನು ಕೇಳಿ ಬೆಳೆದವರು. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಪಗಾರ ಕಡಿತ, ಕಪ್ಪು ಒಡೆದರೆ ದಂಡ, ಎದುರು ಮಾತಾಡಿದರೆ ಗಂಟುಮೂಟೆ ಕಟ್ಟು ಎನ್ನುವುದು. ಅದಕ್ಕೆ ಹೆದರಿಕೆ ಎಂದು ಹೆಸರು. ಹೆದರಿಸುವವರು ಊರಿಗೆ ಹೋದ ದಿನ ಆ ಶಿಸ್ತೂ ಅವರ ಸಂಗಡವೇ ಬಸ್ಸು ಹತ್ತುತ್ತದೆ. ಯಾರೂ ನೋಡದಿರುವಾಗಲೂ ಉಳಿಯುವ ಶಿಸ್ತಿನ ಬಗ್ಗೆ ನಾನು ಹೇಳಬೇಕೆಂದಿದ್ದೇನೆ. ನಮ್ಮ ಹೊತ್ತು, ನಮ್ಮ ಕೈ, ನಮ್ಮ ದುಡ್ಡು, ಈ ಮೂರು ನಮ್ಮ ಸ್ವಾಧೀನದಲ್ಲಿದ್ದರೆ ಕೆಲಸದಲ್ಲಿ ಮೇಲೆ ಬರಬಹುದು. ಹಕ್ಕು ಕೇಳುವ ದಿನ ತಲೆಯೆತ್ತಿಯೂ ಕೇಳಬಹುದು.

ಮೊದಲು ಹೊತ್ತಿನ ವಿಚಾರ. ಬೆಳಗ್ಗೆ ಐದಕ್ಕೆ ಎದ್ದು, ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು ಮಲಗುವವನಿಗೆ ಹೊತ್ತು ಎಲ್ಲಿ ಉಂಟು ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆಯೇ. ವಾರಕ್ಕೊಂದು ಪೂರ್ಣ ರಜೆ ಕೊಡಬೇಕು, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ದರದಲ್ಲಿ ಓವರ್‌ಟೈಮ್ ಕೊಡಬೇಕು ಎಂದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ತನ್ನ ವ್ಯಾಪ್ತಿಗೆ ಬರುವ ಹೋಟೆಲುಗಳಿಗೆ ಹೇಳುತ್ತದೆ. ಅದನ್ನು ಜಾರಿಗೆ ತರಿಸುವುದು ಸಂಘದ ಕೆಲಸ. ಆ ಕೆಲಸ ನಡೆದೇ ಇದೆ. ಆದರೆ ಇಂದೇ ನಮ್ಮ ಕೈಯಲ್ಲಿರುವ ಹೊತ್ತೂ ಸ್ವಲ್ಪ ಉಂಟು. ಮಧ್ಯಾಹ್ನ ಊಟದ ಗದ್ದಲ ಇಳಿದು ಸಂಜೆಯ ಚಹಾದ ಗದ್ದಲ ಏರುವ ಮುಂಚೆ ನಮಗೆಲ್ಲ ಒಂದೂವರೆ ಗಂಟೆಯಾದರೂ ಬಿಡುವು ಸಿಗುತ್ತದೆ. ಅದರಲ್ಲಿ ಒಂದು ಗಂಟೆ ನಿದ್ದೆ ಮಾಡಿ. ನಿದ್ದೆಗೆಟ್ಟವನ ಕೈಯಿಂದಲೇ ಬಿಸಿ ಸಾಂಬಾರು ಚೆಲ್ಲುವುದು. ಉಳಿದ ಅರ್ಧ ಗಂಟೆ ಎಲ್ಲಿ ಹೋಗುತ್ತದೆ? ಫೋನಿನ ಪರದೆಯ ಮೇಲೆ ಬೆರಳು ಸರಿಸುವುದರಲ್ಲಿ ಹೋಗುತ್ತದೆ. ವರ್ಷಕ್ಕೆ ಮುನ್ನೂರು ದಿನದ ಲೆಕ್ಕ ಹಿಡಿದರೆ ಅದು 150 ಗಂಟೆ. ಅಷ್ಟು ಗಂಟೆಯಲ್ಲಿ ಮರಾಠಿ ಬರೆಯಲು ಕಲಿಯಬಹುದು. ಇಂಗ್ಲಿಷಿನಲ್ಲಿ ಬಿಲ್ಲು ಓದಿ ಲೆಕ್ಕ ಇಡಲು ಕಲಿಯಬಹುದು.

ನಮ್ಮ ಹಿಂದಿನವರು ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದರು. ಇದೇ ಮುಂಬಯಿಯಲ್ಲಿ ಮೊಗವೀರ ಬಂಧುಗಳು 1908ರಲ್ಲಿಯೇ ಉಚಿತ ರಾತ್ರಿಶಾಲೆ ತೆರೆದರು. ಮುಂದೆ ಬೇರೆ ಕನ್ನಡ ರಾತ್ರಿಶಾಲೆಗಳೂ ಹುಟ್ಟಿದವು. ಹಗಲು ಟೇಬಲು ಒರೆಸಿ ರಾತ್ರಿ ಪಾಟಿ ಹಿಡಿದ ಹುಡುಗರು ಬ್ಯಾಂಕು ಸೇರಿದರು, ಕಚೇರಿ ಸೇರಿದರು, ಕೆಲವರು ವಕೀಲರೂ ಆದರು. ಇಂದು ಅಂಥ ಶಾಲೆಗಳು ಕಡಿಮೆಯಾಗಿವೆ, ಆದರೆ ದಾರಿ ಮುಚ್ಚಿಲ್ಲ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿನಾಲ್ಕು ತುಂಬಿದ ಯಾರು ಬೇಕಾದರೂ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ವಯಸ್ಸಿನ ಮೇಲ್ಮಿತಿ ಇಲ್ಲ. ಮಹಾರಾಷ್ಟ್ರದ ಬೋರ್ಡಿನಲ್ಲಿ 17 ನಂಬರಿನ ಫಾರಂ ತುಂಬಿ ಖಾಸಗಿಯಾಗಿ ಕೂರುವುದಕ್ಕೂ ಅವಕಾಶ ಉಂಟು. ಮೂವತ್ತು ದಾಟಿತು, ಇನ್ನೇನು ಓದುವುದು ಎನ್ನುವ ಅಣ್ಣಂದಿರು ಇದನ್ನು ಗಮನಿಸಬೇಕು.

ಎರಡನೆಯದು ಕೈ. ನಾನು ಕೆಲಸ ಮಾಡಿದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮೇಲೆ ಒಬ್ಬ ವಯಸ್ಸಾದ ಭಟ್ಟರಿದ್ದರು. ಅವರ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ. ಇಂದು ಎಷ್ಟು ಹೊತ್ತಿಗೆ ಹಿಟ್ಟು ರುಬ್ಬಿದ್ದು, ಎಷ್ಟು ಹೊತ್ತಿಗೆ ಉಬ್ಬಿತು, ಹೊರಗೆ ಮಳೆಯೋ ಚಳಿಯೋ, ಎಷ್ಟು ಹಿಟ್ಟು ಉಳಿಯಿತು, ಇಷ್ಟನ್ನು ದಿನವೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಮೇ ತಿಂಗಳ ಸೆಕೆಯಲ್ಲಿ ಬೇಗ ಹುಳಿಯುವ ಹಿಟ್ಟು ಜನವರಿಯ ರಾತ್ರಿಯಲ್ಲಿ ತಡಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ತಡ ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಅದರಿಂದಾಗಿ ಅವರ ದೋಸೆ ಒಂದು ದಿನವೂ ಕೆಡಲಿಲ್ಲ. ಮಾಲಿಕರು ಪಗಾರದ ಮಾತು ಬಂದಾಗ ಉಳಿದವರ ಮುಂದೆ ಗದರುತ್ತಿದ್ದರು, ಇವರ ಮುಂದೆ ಕುರ್ಚಿ ಎಳೆದು ಕುಳಿತು ಮಾತಾಡುತ್ತಿದ್ದರು. ಕಲಿತ ಕೈಗೆ ಆ ಮರ್ಯಾದೆ ಇದೆ.

ಶುಚಿತ್ವವೂ ಕೈಯ ವಿದ್ಯೆಯೇ. ಇನ್‌ಸ್ಪೆಕ್ಟರು ಬರುತ್ತಾರೆಂದು ಟೋಪಿ ಹಾಕುವುದು ಬೇರೆ. ಕಾರಣ ತಿಳಿದು ಮಾಡುವುದು ಬೇರೆ. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಶಾಖದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಆದುದರಿಂದ ಸಾಂಬಾರು ಕೈಸುಡುವಷ್ಟು ಬಿಸಿಯಾಗಿಯೇ ಇರಬೇಕು, ತೆಂಗಿನಕಾಯಿ ಚಟ್ನಿ ತಣ್ಣಗಿರಬೇಕು, ಬೆಳಗ್ಗಿನ ಚಟ್ನಿಗೆ ಸಂಜೆಯದನ್ನು ಬೆರೆಸಕೂಡದು. ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡು ಕೈ ತೊಳೆಯಬೇಕು. ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಿದರಾಯಿತು. ಇಷ್ಟು ತಿಳಿದವನಿಗೆ ಇಂದು ಬೇಡಿಕೆ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದವರು 2017ರಲ್ಲಿ ಆರಂಭಿಸಿದ ತರಬೇತಿ ಯೋಜನೆಯ ಪ್ರಕಾರ, ಆಹಾರ ಮುಟ್ಟುವ 25 ಮಂದಿಗೆ ಒಬ್ಬನಾದರೂ ತರಬೇತಿ ಪಡೆದ ಮೇಲ್ವಿಚಾರಕನಿರಬೇಕು. ಆ ಒಬ್ಬನು ಹೊರಗಿನಿಂದ ಯಾಕೆ ಬರಬೇಕು? ನಮ್ಮ ಮೋರಿಯಿಂದಲೇ ಎದ್ದು ಬರಲಿ. ಹತ್ತಾರು ವರ್ಷ ದುಡಿದ ಅನುಭವವನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಸರಕಾರಿ ಕೌಶಲ ಯೋಜನೆಗಳೂ ಉಂಟು. ಕಾಗದವಿಲ್ಲದ ಅನುಭವಕ್ಕೆ ಬೇರೆ ಊರಿನಲ್ಲಿ ಬೆಲೆ ಸಿಗುವುದು ಕಷ್ಟ.

ಮೂರನೆಯದು ದುಡ್ಡು. ಪಗಾರ ಊರಿಗೆ ಹೋಗುತ್ತದೆ. ಟಿಪ್ಸಿನ ಚಿಲ್ಲರೆ ಎಲ್ಲಿ ಹೋಗುತ್ತದೆ? ಗಿರಣಗಾಂವಿನ ಹಿರಿಯರಿಗೆ ಮಟ್ಕಾದ ಕಥೆ ಗೊತ್ತು. ಮೊದಲು ನ್ಯೂಯಾರ್ಕಿನ ಹತ್ತಿಯ ದರದ ಮೇಲೆ ಜೂಜು ನಡೆಯುತ್ತಿತ್ತು. 1960ರ ದಶಕದಲ್ಲಿ ಅದೇ ಮಟ್ಕಾ ಆಗಿ ಚಾಳು ಚಾಳಿಗೆ ಹಬ್ಬಿತು. ಹತ್ತಿಯನ್ನು ನೂಲು ಮಾಡಿದವನ ಪಗಾರವೇ ಹತ್ತಿಯ ಹೆಸರಿನ ಜೂಜಿಗೆ ಹೋಯಿತು. ಅದೇ ಮಟ್ಕಾ ಮುಂದೆ ಬಣ್ಣ ಬದಲಿಸಿ ಫೋನಿನೊಳಗೆ ಬಂತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಕೇಂದ್ರ ಸರಕಾರ ಕಾಯಿದೆ ಮಾಡಿದೆ. ಆದರೂ ಕದ್ದುಮುಚ್ಚಿ ಆಡಿಸುವವರಿದ್ದಾರೆ. ಕಾಯಿದೆ ಬಾಗಿಲು ಮುಚ್ಚಬಹುದು. ಕಿಟಕಿಯಿಂದ ನುಸುಳದಂತೆ ನಮ್ಮನ್ನು ನಾವೇ ಹಿಡಿಯಬೇಕು.

ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಮ್ಮ ಗಾದೆ. ಅಂಚೆ ಕಚೇರಿಯ ಆರ್.ಡಿ. ಖಾತೆ ತಿಂಗಳಿಗೆ 100 ರೂಪಾಯಿಯಿಂದ ಆರಂಭ. ಅವಧಿ ಐದು ವರ್ಷ. ದಿನಕ್ಕೆ ಹತ್ತು ರೂಪಾಯಿ ಎತ್ತಿಟ್ಟು ತಿಂಗಳಿಗೆ 300 ಕಟ್ಟಿದವನ ಅಸಲೇ ಐದು ವರ್ಷಕ್ಕೆ 18,000 ಆಗುತ್ತದೆ, ಬಡ್ಡಿ ಬೇರೆ. ಇಷ್ಟು ಕೈಯಲ್ಲಿದ್ದವನು ಧಣಿಯ ಮುಂದೆ ಮುಂಗಡಕ್ಕಾಗಿ ನಿಲ್ಲಬೇಕಾಗಿಲ್ಲ. ಮುಂಗಡ ತೆಗೆದುಕೊಂಡವನ ಬಾಯಿಗೆ ಅರ್ಧ ಬೀಗ ಬಿದ್ದ ಹಾಗೆಯೇ. ಇನ್ನೊಂದು ಮಾತು. 20 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಪ್ರಾವಿಡೆಂಟ್ ಫಂಡ್ ಕಡ್ಡಾಯ. ನಿಮ್ಮ ಹೆಸರಿನಲ್ಲಿ ಹಣ ಜಮೆಯಾಗುತ್ತಿದೆಯೇ ಎಂದು ತಿಂಗಳಿಗೊಮ್ಮೆ ಫೋನಿನಲ್ಲಿಯೇ ನೋಡಿಕೊಳ್ಳಿ. ಫೋನು ಇರುವುದು ಅದಕ್ಕೂ ಹೌದು.

ಇಂಥ ಸಭೆಗಳಲ್ಲಿ ದೊಡ್ಡವರ ಉದಾಹರಣೆ ಕೊಡುವುದು ವಾಡಿಕೆ. ನಾನೂ ಕೊಡುತ್ತೇನೆ. ಮೂಡುಬಿದಿರೆ ಬಳಿಯ ಕಡಂದಲೆಯ ಕೆ. ಕೃಷ್ಣ ರಾಯರು ಅಡಿಗೆಮನೆಯ ಕೆಲಸದಿಂದ ಆರಂಭಿಸಿ 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಕಾರ್ಕಳದ ಜಯರಾಮ ಬನಾನ್ ಹದಿಮೂರನೆಯ ವಯಸ್ಸಿನಲ್ಲಿ, 1967ರಲ್ಲಿ, ಮನೆ ಬಿಟ್ಟು ಬಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದವರು. 1986ರಲ್ಲಿ ದಿಲ್ಲಿಯಲ್ಲಿ ಸಾಗರ್ ಹೋಟೆಲು ಆರಂಭಿಸಿದರು. ಇವರು ಮೆಟ್ಟಿಲು ಮೆಟ್ಟಿಲಾಗಿ ಪ್ರತಿಯೊಂದು ಕೆಲಸವನ್ನೂ ಕಲಿತು ಏರಿದವರು. ಹಾಗೆಂದು ಹುಡುಗರನ್ನು ಕೆಲಸಕ್ಕೆ ಕರೆತರಬೇಡಿ. ಹದಿನಾಲ್ಕರ ಕೆಳಗಿನ ಮಕ್ಕಳನ್ನು ಹೋಟೆಲಿನಲ್ಲಿ ಇಡುವುದು 2006ರಿಂದ ನಿಷಿದ್ಧ. ಅವರ ಜಾಗ ಶಾಲೆ.

ಆದರೆ ಒಂದು ಪ್ರಶ್ನೆ. ಒಂದು ಹೋಟೆಲಿಗೆ ಒಬ್ಬನೇ ಮಾಲಿಕ. ಉಳಿದ ಇಪ್ಪತ್ತು ಮಂದಿ ಸೋತವರೇ? ಖಂಡಿತ ಅಲ್ಲ. ಸಾಲವಿಲ್ಲದೆ ತಂಗಿಯ ಮದುವೆ ಮಾಡಿದವನು, ಮಗಳನ್ನು ಕಾಲೇಜಿಗೆ ಕಳುಹಿಸಿದವನು, ಕಾವಲಿ ಬಿಟ್ಟರೆ ಗಿರಾಕಿಗಳು ಕೇಳಿಕೊಂಡು ಬರುವಂಥ ಕೈಯುಳ್ಳವನು, ಇವರೆಲ್ಲರೂ ಗೆದ್ದವರೇ ಎಂದು ನಾನು ತಿಳಿಯುತ್ತೇನೆ.

ಗಿರಣಿ ಬಂಧುಗಳ ವಿಚಾರ ಹೇಳದೆ ಮುಗಿಸಲಾರೆ. 1982ರ ಜನವರಿ 18ರಂದು ಇಲ್ಲಿಯ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲೇ ಇಲ್ಲ. ಆ ಕಾರ್ಮಿಕರಲ್ಲಿ ಶಿಸ್ತಿರಲಿಲ್ಲವೇ? ಭೋಂಗಾ ಕೂಗುವ ಮೊದಲೇ ಬಾಗಿಲಲ್ಲಿ ನಿಂತವರು ಅವರು. ಮೂರು ಪಾಳಿಯಲ್ಲಿ ಮುಂಬಯಿಯನ್ನು ಕಟ್ಟಿದವರು. ಆದುದರಿಂದ ಬಡವನು ಶಿಸ್ತಿಲ್ಲದೆ ಬಡವನಾದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬನ ಶಿಸ್ತು ಅವನ ಮನೆಯನ್ನು ಸೋರದಂತೆ ಕಾಯಬಹುದು. ನೆರೆ ಬಂದಾಗ ಕಟ್ಟೆ ಕಟ್ಟುವುದಕ್ಕೆ ಹತ್ತು ಜನ ಬೇಕು, ಅದಕ್ಕಾಗಿಯೇ ಸಂಘ. ಹೊತ್ತಿಗೆ ಸರಿಯಾಗಿ ಸಭೆಗೆ ಬರುವವರು, ಲೆಕ್ಕ ಇಡಬಲ್ಲವರು, ಕೊಟ್ಟ ಮಾತಿಗೆ ನಿಲ್ಲುವವರು ಇದ್ದರೆ ಮಾತ್ರ ಆ ಸಂಘ ನಿಲ್ಲುತ್ತದೆ.

ಕೊನೆಗೆ ಒಂದು ವಿನಂತಿ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ತನ್ನಿ. ಬಿಡುವಿನ ಅರ್ಧ ಗಂಟೆ ಏನು ಮಾಡಿದೆ, ಕೈಗೆ ಯಾವ ಹೊಸ ಕೆಲಸ ಬಂತು, ಎಷ್ಟು ದುಡ್ಡು ಉಳಿಸಿದೆ, ದಿನಕ್ಕೆ ಈ ಮೂರು ಸಾಲು ಅದರಲ್ಲಿರಲಿ. ಬರೆಯಲು ಬಾರದವರು ಪಕ್ಕದವರಿಂದ ಬರೆಯಿಸಿ. ಪಕ್ಕದವರು ಬರೆದುಕೊಡುತ್ತ ಕಲಿಸಿರಿ. ಅರ್ಜಿ, ಫಾರಂ ತುಂಬುವುದಕ್ಕೆ ನಮ್ಮ ಕಚೇರಿಯಲ್ಲಿ ಸಹಾಯ ಮಾಡುತ್ತೇವೆ, ಸಂಕೋಚಪಡದೆ ಬನ್ನಿ.