ಮಾಳಿಗೆ ಮನೆಯ ಸೆಕೆಯೂ ಚಳಿಯೂ



ಚಿತ್ರದುರ್ಗ, ಬಳ್ಳಾರಿ ಸೀಮೆಗಳ ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ಬೇಸಗೆಯ ಹಗಲಿನಲ್ಲಿ ತಂಪಾಗಿದ್ದು, ರಾತ್ರಿ ಮಾತ್ರ ಸೆಕೆಯಿಂದ ನಿದ್ರೆಗೊಡುವುದಿಲ್ಲವೆಂದು ಅನೇಕರು ದೂರುವರು. ಇದು ಮಾಳಿಗೆಯ ದೋಷವಲ್ಲ. ಒಂದಡಿ ದಪ್ಪದ ಮಣ್ಣನ್ನು ಹಾದು ಬಿಸಿಲಿನ ಕಾವು ಒಳಗಿಳಿಯಲು ಸುಮಾರು 8ರಿಂದ 10 ಗಂಟೆಗಳ ಕಾಲ ಹಿಡಿಯುವುದು. ಮಧ್ಯಾಹ್ನದ ಕಾವು ನಮ್ಮನ್ನು ಮುಟ್ಟುವುದು ರಾತ್ರಿಯಲ್ಲಿ. ಆ ಹೊತ್ತಿಗೆ ನಾವು ಕಳ್ಳರ ಭಯದಿಂದ ಕಿಟಕಿಗಳನ್ನೂ ಬೆಳಕಿಂಡಿಯನ್ನೂ ಮುಚ್ಚಿರುವೆವು! ಕಾವು ಹೋಗುವುದಾದರೂ ಎಲ್ಲಿಗೆ?

ಬೇಸತ್ತ ಕೆಲವರು ಮಾಳಿಗೆಯನ್ನು ಕೆಡವಿಸಿ ತಗಡು ಹೊದಿಸುವರು. ತಗಡು ಬಿಸಿಲೇರಿದೊಡನೆ ಕಾಯುವುದು. ಮಾಗಿಯ ರಾತ್ರಿಯಲ್ಲಿ ಹೊರಗಿನ ಗಾಳಿಗಿಂತಲೂ ತಣ್ಣಗಾಗಿ, ಒಳಮೈಯಲ್ಲಿ ಹನಿಗೂಡಿ ರಾಗಿಯ ಚೀಲಗಳ ಮೇಲೆ ತೊಟ್ಟಿಕ್ಕುವುದು. ಈಗಾಗಲೇ ಹೊದಿಸಿದವರು ಅದರ ಮೇಲೆ ಸುಣ್ಣ ಬಳಿಸಿ, ಕೆಳಗೆ ಬಿದಿರಿನ ತಡಿಕೆ ಕಟ್ಟಿಸಲಿ.

ಮಾಳಿಗೆಯುಳ್ಳವರು ಬೇಸಗೆಯಲ್ಲಿ ಹಗಲು ಕಿಂಡಿಗಳನ್ನು ಮುಚ್ಚಿ, ಸಂಜೆ ತೆರೆದು, ಬೆಳಗಿನವರೆಗೂ ಹಾಗೆಯೇ ಬಿಡತಕ್ಕದ್ದು. ಕಳ್ಳರ ಭಯಕ್ಕೆ ಕಬ್ಬಿಣದ ಸರಳು ಸಾಕು. ಸೆಕೆಯೆಂದು ಮಣ್ಣಿನ ಮೇಲೆ ಮಣ್ಣು ಹೇರುವುದು ತರವಲ್ಲ. ಮಳೆಯಲ್ಲಿ ನೆನೆದಾಗ ಆ ಭಾರವನ್ನು ಹಳೆಯ ತೊಲೆಗಳು ತಾಳಲಾರವು.

ಚಳಿಗಾಲದಲ್ಲಿ ಇದೇ ಮಾಳಿಗೆ ಹಗಲಿನ ಕಾವನ್ನು ರಾತ್ರಿಗೆ ಕಾದಿಟ್ಟುಕೊಡುವುದು. ಆದರೂ ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಬಾಗಿಲು ಕಿಂಡಿಗಳನ್ನೆಲ್ಲ ಬಿಗಿಯುವ ಪದ್ಧತಿಯುಂಟು. ಇದನ್ನು ದಯವಿಟ್ಟು ನಿಲ್ಲಿಸಿರಿ. ಹೊಗೆಯಾಡದ ಕೆಂಡದಿಂದಲೂ ಹೊರಡುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಿಯೂ ಕೂಸೂ ಮಲಗಿದಲ್ಲಿಯೇ ಪ್ರಾಣಬಿಡುವ ಅಪಾಯವಿದೆ. ಮಲಗುವ ಮುನ್ನ ಕೆಂಡವನ್ನು ಅಂಗಳಕ್ಕೆ ಸಾಗಿಸಿ, ಬಾಣಂತಿಗೆ ಇನ್ನೊಂದು ಕಂಬಳಿ ಹೊದಿಸಿರಿ.