ಲಸಿಕೆಗೆ ಬಿಸಿಲೂ ಆಗದು, ಹೆಪ್ಪೂ ಆಗದು



ನಾನು ಕೃಷಿ ಡಿಪ್ಲೊಮಾ ಓದಿ ಹಳ್ಳಿಯ ಕೆಲಸಕ್ಕೆ ಬಂದವನು, ವೈದ್ಯನಲ್ಲ. ಬೀಜ ಗೊಬ್ಬರದ ಮಾತು ಬಿಟ್ಟು ಲಸಿಕೆಯ ಮಾತನ್ನೇಕೆ ಎತ್ತಿದೆನೆಂದು ತಾವು ಕೇಳಬಹುದು. ಬಿತ್ತನೆ ಬೀಜದ ಹಾಗೆ ಲಸಿಕೆಯೂ ಹೊರನೋಟಕ್ಕೆ ಚೆನ್ನಾಗಿದ್ದು ಒಳಗೆ ಸತ್ವ ಕಳೆದುಕೊಂಡಿರಬಹುದು. ಬೀಜವಾದರೆ ಒದ್ದೆ ಗೋಣಿಯಲ್ಲಿ ನೂರು ಕಾಳು ಇಟ್ಟು ಮೊಳಕೆ ಎಣಿಸುತ್ತೇವೆ. ಮಗುವಿನ ತೊಡೆಗೆ ಚುಚ್ಚಿದ ಮೇಲೆ ಅಂಥ ಪರೀಕ್ಷೆ ಎಲ್ಲಿಯದು? ಮಗು ಅತ್ತದ್ದೂ ಆಯಿತು, ಕಾರ್ಡಿನಲ್ಲಿ ಬರೆದದ್ದೂ ಆಯಿತು. ರಕ್ಷಣೆ ಮಾತ್ರ ಇಲ್ಲ.

ಆರೋಗ್ಯ ಕೇಂದ್ರದಲ್ಲಿ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡತಕ್ಕದ್ದು. ಹಬ್ಬವಿರಲಿ, ಭಾನುವಾರವಿರಲಿ, ದಿನಕ್ಕೆ ಎರಡು ಸಲ ಶಾಖ ನೋಡಿ ಬರೆದಿಡಬೇಕು. ಬಿಸಿಯಿಂದ ಲಸಿಕೆ ಕೆಡುತ್ತದೆಂಬುದು ಈಗ ಬಹುಮಂದಿಗೆ ಗೊತ್ತು. ಪೋಲಿಯೊ ಹನಿಯಂತೂ ಬಿಸಿಗೆ ಬಲುಬೇಗ ಸೋಲುತ್ತದೆ. ಸೀಸೆಯ ಮೇಲೆ ಒಂದು ದುಂಡು ಗುರುತಿದೆ; ಅದರ ನಡುವೆ ತಿಳಿಬಣ್ಣದ ಚೌಕ. ಬಿಸಿ ತಗುಲಿದಷ್ಟೂ ಚೌಕ ಕಪ್ಪೇರುತ್ತದೆ. ಸುತ್ತಲಿನ ಬಣ್ಣಕ್ಕೆ ಸಮನಾದರೆ ಆ ಸೀಸೆ ಕೆಲಸಕ್ಕೆ ಬಾರದು. ಅಕ್ಷರ ಬಾರದವರೂ ಇದನ್ನು ನೋಡಿ ತಿಳಿಯಬಹುದು.

ಜನ ಮೋಸ ಹೋಗುವುದು ಐಸಿನ ವಿಷಯದಲ್ಲಿ. ಐಸು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಂಬಿದವರು ಎಷ್ಟೋ ಮಂದಿ. ಆದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತು. ಅದರಲ್ಲಿ ಬೆರೆತಿರುವ ಅಲ್ಯುಮಿನಿಯಂ ಲವಣ ಒಡೆದ ಹಾಲಿನಂತೆ ಗಂಟುಗಂಟಾಗುತ್ತದೆ. ಕರಗಿಸಿದರೆ ಮೊದಲಿನಂತಾಗದು. ಚೌಕದ ಗುರುತು ಇದನ್ನು ಹೇಳುವುದಿಲ್ಲ. ಅದು ಇಡುವುದು ಬಿಸಿಯ ಲೆಕ್ಕವನ್ನು ಮಾತ್ರ. ನಮ್ಮ ದನಗಳಿಗೆ ಹಾಕಿಸುವ ಕಾಲುಬಾಯಿ ಜ್ವರದ ಲಸಿಕೆಗೂ ಹೆಪ್ಪು ಆಗದು.

ಆದುದರಿಂದಲೇ ತಿಳಿದ ನರ್ಸಮ್ಮ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಕೂಡಲೇ ಪೆಟ್ಟಿಗೆಗೆ ತುಂಬುವುದಿಲ್ಲ. ಮೇಜಿನ ಮೇಲೆ ಹರಡಿ ಕಾಯುತ್ತಾರೆ. ಅದು ಬೆವರಬೇಕು, ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆಮೇಲೆ ನಾಲ್ಕು ಪ್ಯಾಕು ನಾಲ್ಕು ಬದಿಗೆ, ನಡುವೆ ಲಸಿಕೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಇನ್ನೂ ಬರಲಿಲ್ಲವೆಂದು ಫೋನಿನ ಮೇಲೆ ಫೋನು ಮಾಡಿ ಅವರನ್ನು ಅವಸರಪಡಿಸಬೇಡಿ. ಸಂಶಯದ ಸೀಸೆಯನ್ನು, ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಅದೇ ತಂಡದ ಇನ್ನೊಂದು ಸೀಸೆಯ ಜೊತೆ ಕುಲುಕಿ ಇಟ್ಟು ನೋಡುವ ಪರೀಕ್ಷೆಯೂ ಅವರಿಗೆ ಗೊತ್ತು. ಕೆಟ್ಟದ್ದರ ಗಸಿ ಬೇಗ ತಳಕ್ಕಿಳಿಯುತ್ತದೆ.

ಇನ್ನೊಂದು ಮಾತು. ದಡಾರ-ರುಬೆಲ್ಲಾ ಲಸಿಕೆ, ಬಿ.ಸಿ.ಜಿ. ಲಸಿಕೆ ಪುಡಿಯಾಗಿ ಬರುತ್ತವೆ. ದ್ರವ ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮೀರಿದರೆ ಅದರಲ್ಲಿ ರೋಗಾಣು ಬೆಳೆದು ಮಗುವಿನ ಪ್ರಾಣಕ್ಕೇ ಅಪಾಯವಾದೀತು. ಉಳಿದ ಮದ್ದನ್ನು ಕೊಡದೆ ತೆಗೆದಿಟ್ಟರೆಂದು ಜಗಳಕ್ಕೆ ನಿಲ್ಲುವುದು ತರವಲ್ಲ. ಲಸಿಕೆಯ ದಿನ ಹೊಲದ ಕೆಲಸಕ್ಕೆ ಹೋಗುವ ಮುನ್ನವೇ ತಾಯಂದಿರೆಲ್ಲ ಒಟ್ಟಾಗಿ ಅಂಗನವಾಡಿಗೆ ಬನ್ನಿ. ಮಗುವಿನ ಕಾರ್ಡನ್ನು ಮರೆಯದೆ ತನ್ನಿ. ಸೀಸೆಯ ಚೌಕ ತೋರಿಸಿರೆಂದು ಕೇಳಲು ಸಂಕೋಚ ಬೇಡ. ಕೆಲಸ ಬಲ್ಲ ನರ್ಸಮ್ಮ ಸಂತೋಷದಿಂದಲೇ ತೋರಿಸುತ್ತಾರೆ.